ಮೂವತ್ತೊಂದು, ಇಪ್ಪತ್ತಮೂರು

ಚುನಾವಣೆ ನಮ್ಮ ದ್ವೀಪಕ್ಕೆ ಒಂದು ದಿನ ಮೊದಲೇ ಬರುತ್ತದೆ,
ಗಾಳಿಯನ್ನು ನಂಬುವಂತಿಲ್ಲವೆಂದು.
ದೋಣಿಯಲ್ಲಿ ಬೀಗ ಜಡಿದ ಪೆಟ್ಟಿಗೆ, ಜೊತೆಗೊಬ್ಬ ಪೊಲೀಸಿನವ;
ದಡ ಮುಟ್ಟಿದ್ದೇ ತಡ ಕಲ್ಲಿನ ಮೇಲೆ ಕುಕ್ಕರಿಸಿ
ತಿಂದದ್ದನ್ನೆಲ್ಲ ಅಟ್ಲಾಂಟಿಕ್ಕಿಗೆ ಒಪ್ಪಿಸಿದ.

ನಾನು ಅಂಚೆಯವಳು. ಮತಗಟ್ಟೆಗೂ ನಾನೇ ಅಧಿಕಾರಿ.
ಶಾಲೆಯ ಒಂದೇ ಕೋಣೆ, ಮಕ್ಕಳ ಮೇಜು,
ದಾರ ಕಟ್ಟಿದ ಪೆನ್ಸಿಲ್ಲು, ಗೋಡೆಗೆ ತಿಮಿಂಗಿಲ.
ಪಟ್ಟಿಯಲ್ಲಿ ಐವತ್ತೆಂಟು ಹೆಸರು.
ಇಬ್ಬರು ಗ್ಲಾಸ್ಗೋದಲ್ಲಿ, ಒಬ್ಬಳು ಆಸ್ಪತ್ರೆಯಲ್ಲಿ,
ಒಬ್ಬ ಹೋದ ಚಳಿಗಾಲ ಮಣ್ಣಿಗೆ ಹೋದವ,
ಪಟ್ಟಿಗಿನ್ನೂ ಸುದ್ದಿ ಮುಟ್ಟಿಲ್ಲ.

ಬಾವಿಯಿಂದ ಮೂಡಣ ಮನೆಗಳದ್ದು ಒಂದು ಪಕ್ಷ,
ಪಡುವಣದ್ದು ಇನ್ನೊಂದು.
ಯಾಕೆ ಅಂದರೆ
ಅಜ್ಜಂದಿರ ಕಾಲದ ಜಗಳ, ಒಂದು ಒಪ್ಪಂದದ ಕಾಗದ,
ಒಬ್ಬ ಸಹಿ ಸರಿ ಅಂದ, ಒಬ್ಬ ತಪ್ಪು ಅಂದ,
ಒಂದು ರಾತ್ರಿ ಯಾರದೋ ದೋಣಿಗೆ ಬೆಂಕಿ ಬಿತ್ತು.
ಕಾಗದದಲ್ಲಿ ಏನಿತ್ತು ಎಂದರೆ ಈಗ ತಲೆ ಕೆರೆದುಕೊಳ್ಳುತ್ತಾರೆ.
ಸುಟ್ಟ ದೋಣಿಯ ಹೆಸರು ಮಾತ್ರ ತೊಟ್ಟಿಲ ಕೂಸಿಗೂ ಗೊತ್ತು.

ನಮ್ಮಲ್ಲಿ ಓಟು ಮನೆಯದು, ಮನುಷ್ಯರದ್ದಲ್ಲ.
ಬಂದ ಸೊಸೆಗೆ ಮೊದಲು ನೀರು ಸೇದುವ ಜಾಗ ತೋರಿಸುತ್ತಾರೆ,
ಆಮೇಲೆ ಪಕ್ಷ.
ಮೂವತ್ತೊಂದು, ಇಪ್ಪತ್ತಮೂರು.
ಒಂದು ಸಾವಿಗೆ ಒಂದು ಹದಿನೆಂಟು ತುಂಬಿ
ನನ್ನ ಅವ್ವನ ಕಾಲದಿಂದಲೂ ಹೆಚ್ಚುಕಡಿಮೆ ಅಷ್ಟೇ.

ಮೂಡಣದ ಫೆಸ್ಟಿ ಬಾಗಿಲು ತೆರೆಯುವ ಮೊದಲೇ ಬಂದಿದ್ದ,
ಭಾನುವಾರದ ಕೋಟು, ಹಿಂದೆ ಮೂವರು ಗಂಡುಮಕ್ಕಳು,
ಕೊನೆಗೆ ಹೆಂಡತಿ ಡರ್ವ್ಲಾ, ಕೈಗೆ ಹಿಟ್ಟು ಮೆತ್ತಿಕೊಂಡೇ.
'ನಮ್ಮದು ಐದು,' ಅಂದ,
ಮೊಟ್ಟೆ ಎಣಿಸಿ ಕೊಡುವವನ ಹಾಗೆ.

ಎಣಿಕೆ ಆಚೆ ದಡದಲ್ಲಿ, ಬ್ಯಾಡ್ಮಿಂಟನ್ ಆಡುವ ಹಾಲಿನಲ್ಲಿ.
ತಂಗಿಯ ಮನೆಯಲ್ಲಿ ಮಲಗೆದ್ದು ನಾನೂ ಹೋದೆ.
ಕಟಕಟೆಯ ಒಳಗೆ ಗುಮಾಸ್ತರು ಒಂದೊಂದೇ ಕಾಗದ ಮಗುಚುತ್ತಾರೆ,
ಹೊರಗೆ ಪಕ್ಷದವರು ಕೊಕ್ಕರೆಯಂತೆ ಕತ್ತು ಚಾಚಿ
ಗೀಟೆಳೆಯುತ್ತಾರೆ: ನಾಲ್ಕು ನಿಂತದ್ದು, ಐದನೆಯದು ಅಡ್ಡ.
ಪೆಟ್ಟಿಗೆ ಪೆಟ್ಟಿಗೆಯೂ ಬೇರೆ ಬೇರೆ ಬಿಚ್ಚುವುದರಿಂದ
ಮತ ಗುಟ್ಟು,
ಊರು ಬಟಾಬಯಲು.

'ಮೂವತ್ತು, ಇಪ್ಪತ್ತನಾಲ್ಕು,' ಅಂದ ಮಲಾಕಿ,
ಪೆನ್ಸಿಲ್ಲು ಕಿವಿಗೇರಿಸಿ. 'ನಿಮ್ಮ ದ್ವೀಪ ಬಿರುಕು ಬಿಟ್ಟಿತಲ್ಲೇ!'

ನಾನು ನೋಡಿದ್ದೆ.
ಅಭ್ಯರ್ಥಿಯ ನಗುಮುಖದ ಪಕ್ಕ ಒಂದು ಒಂದು.
ನಮ್ಮವರ ಒಂದು ಅಂದರೆ ಬರೀ ಕಡ್ಡಿ;
ಇದಕ್ಕೆ ತಲೆಗೆ ಟೊಪ್ಪಿಗೆ, ಕಾಲಡಿ ಮಣೆ.
ಮದುವೆಗೆ ಮುಂಚೆ ಮೀನಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದವಳು,
ತನ್ನ ಒಂದನ್ನು ಯಾರೂ ಏಳು ಮಾಡಬಾರದೆಂದು
ಹಾಗೆ ಕೂರಿಸಲು ಕಲಿತವಳು.
ಇಪ್ಪತ್ತಾರು ವರ್ಷ ಅವಳ ಲಕೋಟೆಗಳ ಮೇಲೆ
ಅದೇ ಟೊಪ್ಪಿಗೆ, ಅದೇ ಮಣೆ.

ಯಾಕೆ? ಗೊತ್ತಿಲ್ಲ.
ಧಕ್ಕೆ ಕಟ್ಟಿಸುತ್ತೇನೆ ಅಂದನೇ ಆತ, ದಾದಿಯನ್ನು ಕಳಿಸುತ್ತೇನೆ ಅಂದನೇ?
ಎಲ್ಲರೂ ಅದನ್ನೇ ಅಂದಿದ್ದರು.
'ನಮ್ಮದು ಐದು' ಅನ್ನುವ ಮಾತು ಎಷ್ಟನೆಯ ಸಲಕ್ಕೆ ಕಿವಿ ಚುಚ್ಚಿತೋ.

ನಾನು ಮರಳುವ ಮೊದಲೇ ಸುದ್ದಿ ಮರಳಿತ್ತು.
ಪಬ್ಬಿನಲ್ಲಿ ಫೆಸ್ಟಿ ಬೆರಳು ಮಡಚಿ ಮಡಚಿ ಮನೆ ಎಣಿಸಿದ,
ತಮ್ಮನ ಮಗನ ಮೇಲೆ ಕಣ್ಣು ಕೆಂಪು ಮಾಡಿದ.
ಕೊನೆಗೆ ಎಲ್ಲರೂ ಸೇರಿ ಜರ್ಮನಿಯ ಕುಂಬಾರನ ಮೇಲೆ ಹೊರಿಸಿದರು.
ಅವನಿಗೆ ಈ ಚುನಾವಣೆಯಲ್ಲಿ ಓಟೇ ಇಲ್ಲವಲ್ಲ, ಅಂದೆ.
'ಅದೇ ಮತ್ತೆ!' ಅಂದರು.

ಗುರುವಾರ ಡರ್ವ್ಲಾ ಬಂದಳು, ಅಕ್ಕನಿಗೊಂದು ಪಾರ್ಸೆಲ್ಲು.
ಹೊರಗೆ ಫೆಸ್ಟಿಯ ಟ್ರ್ಯಾಕ್ಟರು ಆರಿಸದೆ ಗುಡುಗುಡು.
ತೂಗಿದೆ. ಒಂದು ಕಿಲೋ, ಅಂದೆ.
ಚೀಟಿಯ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು,
ಆಮೇಲೆ ಎಳೆದಳು:
ಬರೀ ಕಡ್ಡಿ.
ತಲೆಯೆತ್ತಿ ನನ್ನನ್ನು ನೋಡಿದಳು.

ಮುದ್ರೆ ಒಂದು ಸಲ ಒತ್ತಿದರೆ ಸಾಕಿತ್ತು.
ಎರಡು ಸಲ ಒತ್ತಿದೆ.